ಆಟೊಮ್ಯಾಟಿಕ್ ವ್ಯವಸ್ಥೆ ಕೈಬಿಡುವ ಹೊತ್ತಿಗೆ ಆಪರೇಟರ್‌ಗೆ ಏನು ಕಾಣಬೇಕು?

ಕಂಟ್ರೋಲ್ ರೂಮಿನ ಸ್ಕ್ರೀನ್‌ಗಳನ್ನು ವಿನ್ಯಾಸ ಮಾಡುವುದು ನನ್ನ ಕೆಲಸ. ಹೊಸ ಆಟೊಮ್ಯಾಟಿಕ್ ವ್ಯವಸ್ಥೆ (ನಮ್ಮ ಮಾತಿನಲ್ಲಿ ‘ಆಟೋ’) ಬಂದರೆ ಸಾಕು, ಅದು ಏನೇನು ಮಾಡುತ್ತದೆ ಅಂತ ಪಟ್ಟಿ ಮಾಡಲು ಎಲ್ಲರೂ ಮುಂದು. ನೀವು ಇನ್ನೊಂದು ತುದಿಯಿಂದ ಶುರು ಮಾಡಿ. ಅದು ಯಾವಾಗ ಕೈಬಿಡುತ್ತದೆ, ಆಗ ಆಪರೇಟರ್ ಕಣ್ಣಿಗೆ ಏನು ಬೀಳುತ್ತದೆ ಅನ್ನೋದನ್ನು ಮೊದಲು ಬರೆದುಕೊಳ್ಳಿ.

1995ರ ಜೂನ್‌ನಲ್ಲಿ ರಾಯಲ್ ಮೆಜೆಸ್ಟಿ ಎಂಬ ಪ್ರಯಾಣಿಕರ ಹಡಗು ಬರ್ಮುಡಾದಿಂದ ಬಾಸ್ಟನ್‌ಗೆ ಹೊರಟಿತ್ತು. ಸ್ವಲ್ಪ ಹೊತ್ತಿಗೇ ಜಿಪಿಎಸ್ ಆಂಟೆನಾದ ಕೇಬಲ್ ಕಳಚಿಕೊಂಡಿತು. ಜಿಪಿಎಸ್ ನಿಲ್ಲಲಿಲ್ಲ. ದಿಕ್ಕು, ವೇಗ ಹಿಡಿದು ಅಂದಾಜಿನ ಮೇಲೆ ಸ್ಥಾನ ಹೇಳತೊಡಗಿತು. ಗಾಳಿ, ನೀರಿನ ಸೆಳೆತ ಆ ಲೆಕ್ಕಕ್ಕೆ ಬರುವುದಿಲ್ಲ. ಇದು ಗೊತ್ತಾಗಲು ಉಳಿದದ್ದು ಸಣ್ಣ ಪರದೆಯ ಮೇಲಿನ ಪುಟ್ಟ ಅಕ್ಷರಗಳಷ್ಟೇ. ಆಟೊಪೈಲಟ್ ಅದನ್ನೇ ನಂಬಿ ಸುಮಾರು 34 ಗಂಟೆ ಹಡಗು ನಡೆಸಿತು. ಕೊನೆಗೆ ಹಾದಿಯಿಂದ 17 ಮೈಲಿ ಆಚೆ, ನ್ಯಾನ್‌ಟಕೆಟ್ ದ್ವೀಪದ ಹತ್ತಿರ ಹಡಗು ತಳ ಹತ್ತಿ ಕೂತಿತು. ಬೇರೆ ರೀತಿಯಲ್ಲಿ ಸ್ಥಾನ ತೋರಿಸುವ ಲೋರಾನ್ ಉಪಕರಣ ಅಲ್ಲೇ ಇತ್ತು. ಎರಡನ್ನೂ ಯಾರೂ ತಾಳೆ ನೋಡಲಿಲ್ಲ.

ಸಿಬ್ಬಂದಿ ಎಚ್ಚರವಾಗಿರಬೇಕಿತ್ತು ಅನ್ನುವುದು ಸುಲಭ. ಆದರೆ ಸರಿಯಾಗಿ ಓಡುತ್ತಿರುವ ಯಂತ್ರವನ್ನು ಗಂಟೆಗಟ್ಟಲೆ ಸುಮ್ನೆ ನೋಡುತ್ತಾ ಕೂರುವುದು ಮನುಷ್ಯರ ಕೈಲಾಗುವ ಕೆಲಸ ಅಲ್ಲ, ಅಲ್ವಾ? ತಾಳೆ ನೋಡುವ ಕೆಲಸವನ್ನು ಯಂತ್ರಕ್ಕೇ ಕೊಡಿ. ಅದು ಅಂದಾಜಿಗೆ ಇಳಿದರೆ ಮುಖ್ಯ ಪರದೆಯ ಬಣ್ಣವೇ ಬದಲಾಗಲಿ. ಅಲಾರಂ ಸದ್ದು ನಿಲ್ಲಿಸಿದರೂ ಆ ಬಣ್ಣ ಹೋಗಬಾರದು.

ಇನ್ನೊಂದು, ಜಾಸ್ತಿ ಜನ ಮರೆಯುವಂಥದ್ದು. ಟ್ಯಾಂಕ್ ಸೋರುತ್ತಿದೆ ಅಂದುಕೊಳ್ಳಿ. ಆಟೋದಲ್ಲಿದ್ದರೆ ಮಟ್ಟ 50% ಬಿಟ್ಟು ಅಲ್ಲಾಡುವುದಿಲ್ಲ, ಏಕೆಂದರೆ ಒಳಹರಿವಿನ ವಾಲ್ವ್ 40%, 60%, 85% ಅಂತ ತೆರೆದುಕೊಳ್ಳುತ್ತಲೇ ಇರುತ್ತದೆ. ವಾಲ್ವ್ ಪೂರ್ತಿ ತೆರೆದ ಮೇಲೆ ಮಟ್ಟ ಕುಸಿಯುತ್ತದೆ, ಅಲಾರಂ ಹೊಡೆಯುತ್ತದೆ. ಅಷ್ಟರಲ್ಲಿ ಆಪರೇಟರ್‌ಗೆ ಸಮಯವೇ ಉಳಿದಿರುವುದಿಲ್ಲ. ಹಾಗಾಗಿ ಮಟ್ಟದ ಪಕ್ಕದಲ್ಲೇ ವಾಲ್ವ್ ಎಷ್ಟು ತೆರೆದಿದೆ ಅಂತ ಟ್ರೆಂಡ್ ಗೆರೆ (ಹೊತ್ತು ಹೋದಂತೆ ಆಗುವ ಏರಿಳಿತದ ಗೆರೆ) ಹಾಕಿ. ಯಂತ್ರ ಎಷ್ಟು ಏದುಸಿರು ಬಿಡುತ್ತಿದೆ ಅನ್ನೋದು ಕಾಣಬೇಕು.

ಕೊಟ್ಟ ಆಜ್ಞೆಯನ್ನಲ್ಲ, ನಿಜವಾಗಿ ಆದದ್ದನ್ನು ತೋರಿಸಿ. 1979ರಲ್ಲಿ ಥ್ರೀ ಮೈಲ್ ಐಲ್ಯಾಂಡ್ ಅಣುಸ್ಥಾವರದ ದೀಪ, ವಾಲ್ವ್‌ಗೆ ಮುಚ್ಚುವ ಆಜ್ಞೆ ಹೋಗಿದೆ ಅನ್ನುವುದನ್ನಷ್ಟೇ ತೋರಿಸಿತು. ವಾಲ್ವ್ ತೆರೆದೇ ಸಿಕ್ಕಿಕೊಂಡಿತ್ತು.

ಅಲಾರಂ ಬಗ್ಗೆ ಜಾಸ್ತಿ ಹೇಳಲ್ಲ: ಆಪರೇಟರ್ ಮಾಡಬೇಕಾದ ಕೆಲಸ ಏನೂ ಇಲ್ಲದಿದ್ದರೆ ಅದನ್ನು ತೆಗೆದುಹಾಕಿ.

ಮ್ಯಾನುಯಲ್‌ಗೆ, ಅಂದರೆ ಆಪರೇಟರ್ ಕೈಗೆ, ತರುವುದು ಒಂದೇ ಒತ್ತಿನಲ್ಲಿ ಆಗಬೇಕು. ಆಟೋ ಬಿಟ್ಟ ಜಾಗದಲ್ಲೇ ವಾಲ್ವ್ ನಿಲ್ಲಬೇಕು, ಎಗರಬಾರದು. ಮತ್ತೆ ಆಟೋಗೆ ಹೋಗುವುದು ಆಪರೇಟರ್ ಹೇಳಿದರೆ ಮಾತ್ರ.

ಪರೀಕ್ಷೆಯನ್ನು ಮೀಟಿಂಗ್ ರೂಮಿನಲ್ಲಿ ಮುಗಿಸಬೇಡಿ. ರಾತ್ರಿ ಪಾಳಿಯವರನ್ನು ಸಿಮ್ಯುಲೇಟರ್ ಮುಂದೆ ಕೂರಿಸಿ. ಮಧ್ಯದಲ್ಲಿ ಸ್ಕ್ರೀನ್ ಮುಚ್ಚಿ ಕೇಳಿ: ಈಗ ಯಾರ ಕೈಯಲ್ಲಿದೆ, ಆಟೋ ಏನು ಮಾಡುತ್ತಿತ್ತು, ಮುಂದೇನು ಮಾಡುತ್ತದೆ? ಉತ್ತರಕ್ಕೆ ತಡವರಿಸಿದರೆ ಅವರಿಗೆ ಇನ್ನೊಂದು ಟ್ರೇನಿಂಗ್ ಕೊಡುವ ಮೊದಲು ಸ್ಕ್ರೀನ್ ಬದಲಾಯಿಸಿ.