ಚೆಕ್‌ರೋಲಿನಲ್ಲಿ ‘ಸೋಮಾರಿ’ ಎಂಬ ಕಾಲಮ್ ಇಲ್ಲ

ಮೂವತ್ತೊಂದು ವರ್ಷ ನಾನು ಕಾಫಿ ತೋಟದಲ್ಲಿ ರೈಟರ್ ಆಗಿದ್ದೆ. ಕೊಡಗಿನವರಿಗೆ ಬಿಡಿಸಿ ಹೇಳಬೇಕಿಲ್ಲ. ಹೊರಗಿನವರಿಗೆ ಹೇಳುವುದಾದರೆ, ರೈಟರ್ ಅಂದರೆ ಕಥೆ ಬರೆಯುವವನಲ್ಲ, ಚೆಕ್‌ರೋಲಿನಲ್ಲಿ, ಅಂದರೆ ಹಾಜರಿ ಪುಸ್ತಕದಲ್ಲಿ, ಆಳುಗಳ ಹಾಜರಿ ಬರೆಯುವವನು. ಬೆಳಿಗ್ಗೆ ಲೈನ್ ಮನೆಗಳಿಂದ (ತೋಟದ ಆಳುಗಳು ಇರುವ ಸಾಲುಮನೆಗಳು) ಯಾರು ಬಂದರು, ಯಾರು ಬರಲಿಲ್ಲ, ಸಂಜೆ ಯಾರ ಚೀಲ ಎಷ್ಟು ಕೆ.ಜಿ. ತೂಗಿತು, ವಾರಕ್ಕೆ ಯಾರಿಗೆಷ್ಟು ಬಟವಾಡೆ, ಇಷ್ಟು. ಜನರನ್ನು ತೂಗುವ ಚಟ ಹತ್ತುವುದೂ ಇದೇ ಕೆಲಸದಲ್ಲಿ. ನನಗೆ ಚೆನ್ನಾಗಿಯೇ ಹತ್ತಿತ್ತು.

ಭಾನುವಾರ ನಾನು ಪೂಜೆಗೆ ಹೋಗುವುದು ವಿರಾಜಪೇಟೆಯ ಸಂತ ಅನ್ನಮ್ಮನವರ ದೇವಾಲಯಕ್ಕೆ. ಟಿಪ್ಪುವಿನ ಸೆರೆಯಿಂದ ತಪ್ಪಿಸಿಕೊಂಡು ಬಂದ ಕ್ರೈಸ್ತರಿಗೆ ಕೊಡಗಿನ ರಾಜ ದೊಡ್ಡ ವೀರರಾಜೇಂದ್ರ ಜಾಗ ಕೊಟ್ಟು, 1792ರಲ್ಲಿ ಶುರುವಾದದ್ದು ಅದು. ಈಸ್ಟರ್‌ಗೆ ಮುಂಚಿನ ಈ ತಪಸ್ಸು ಕಾಲದಲ್ಲಿ ನಮ್ಮ ಪ್ರಾರ್ಥನಾ ಕೂಟದ ಹುಡುಗರು ಕೇಳಿದರು: “ಅಂಕಲ್, ‘ತೀರ್ಪು ಮಾಡಬೇಡಿರಿ’ ಅಂತ ಯೇಸು ಹೇಳಿದ್ದು ಸರಿ. ಆದರೆ ಮಾಡದೆ ಇರೋದು ಹೇಗೆ?” ಆವತ್ತು ಬಾಯಲ್ಲಿ ಸರಿಯಾಗಿ ಹೇಳಲಾಗಲಿಲ್ಲ. ಬರೆದುಕೊಡುತ್ತೇನೆ ಅಂದೆ.

ಮೊದಲು ನನ್ನ ತಪ್ಪು ಹೇಳಿಬಿಡುತ್ತೇನೆ. ಒಬ್ಬ ಆಳು ಸೋಮವಾರ ಬರುತ್ತಿರಲಿಲ್ಲ. ಭಾನುವಾರ ಕುಡಿದದ್ದು ಸೋಮವಾರ ಇಳಿಯುತ್ತಿರಲಿಲ್ಲ, ಅಷ್ಟೇ ಕಾರಣ. ಇಂಥ ಕಥೆಗಳಲ್ಲಿ ಸಾಮಾನ್ಯವಾಗಿ ಕೊನೆಗೆ ಗೊತ್ತಾಗುತ್ತದಲ್ಲ, ಪಾಪ, ಅವನು ಕಾಯಿಲೆಯ ತಾಯಿಯನ್ನು ನೋಡಲು ಹೋಗುತ್ತಿದ್ದ ಅಂತ? ಇಲ್ಲಿ ಹಾಗೇನಿಲ್ಲ. ಅವನು ಕುಡಿಯುತ್ತಿದ್ದ, ನಾನು ಹೇಳಿದ್ದು ನಿಜವೇ. ಹನ್ನೊಂದನೆಯ ಸೋಮವಾರ ಮಾಲೀಕರು ಕೇಳಿದರು, “ಏನು ರೈಟ್ರೇ, ಇವನ ಕಥೆ?” ನಾನು “ಹನ್ನೊಂದು ಗೈರು ಸಾರ್” ಅನ್ನಬೇಕಿತ್ತು. ಅಂದದ್ದು, “ಅವನು ಸರಿಯಾಗೋ ಜನ ಅಲ್ಲ ಸಾರ್.” ಆ ವಾರವೇ ಅವನು ಹೆಂಡತಿ, ಎರಡು ಮಕ್ಕಳು, ಒಂದು ಟ್ರಂಕು ಸಮೇತ ಲೈನ್ ಮನೆ ಬಿಟ್ಟು ಹೋದ. ಎಲ್ಲಿಗೆ ಹೋದ, ಏನಾದ, ತಿಳಿಯಲಿಲ್ಲ.

ಗೈರು ನಾನು ಕಣ್ಣಾರೆ ಕಂಡದ್ದು. ‘ಸರಿಯಾಗೋ ಜನ ಅಲ್ಲ’ ಅನ್ನುವುದು ಮುಂದಿನ ಮಾತು. ಮುಂದಿನದನ್ನು ನಾನು ಕಂಡಿದ್ದೆನೆ?

ಹಾಗಾಗಿ ಮೊದಲ ಅಭ್ಯಾಸ ಬರೆಯುವುದು. ಒಂದು ವಾರ, ಬರೀ ಒಂದು ವಾರ, ಒಂದು ಹಳೆಯ ನೋಟ್‌ಬುಕ್ಕಿನ ಪುಟಕ್ಕೆ ನಡುವೆ ಗೆರೆ ಎಳೆಯಿರಿ. ಯಾರ ಮೇಲಾದರೂ ಸಿಟ್ಟು ಬಂದಾಗ ಎಡಗಡೆ ಕಣ್ಣು ಕಂಡದ್ದು, ಕಿವಿ ಕೇಳಿದ್ದು. ಬಲಗಡೆ ಮನಸ್ಸು ಸೇರಿಸಿದ್ದು. ‘ನಾದಿನಿ ಫೋನ್ ಎತ್ತಲಿಲ್ಲ’ ಎಡಕ್ಕೆ. ‘ಅವಳಿಗೆ ನಾವೆಂದರೆ ಅಷ್ಟಕ್ಕಷ್ಟೆ’ ಬಲಕ್ಕೆ. ಚೆಕ್‌ರೋಲಿನಲ್ಲಿ ಗೈರಿಗೆ ಜಾಗ ಇದೆ, ಅರ್ಧ ದಿನಕ್ಕೆ ಇದೆ, ‘ಸೋಮಾರಿ’ ಅಂತ ಬರೆಯಲು ಜಾಗವಿಲ್ಲ. ಬಲಗಡೆಯದನ್ನು ಅಳಿಸಿ, ಪಶ್ಚಾತ್ತಾಪ ಪಡಿ ಅಂತ ನಾನು ಹೇಳುವುದಿಲ್ಲ. ಅದು ಬೇರೆ, ಇದು ಬೇರೆ ಅಂತ ಕಂಡರೆ ಸಾಕು. ಮೂರನೆಯ ದಿನ ನಿಮಗೇ ನಗು ಬರುತ್ತದೆ, ಬಲಗಡೆ ಅಷ್ಟು ತುಂಬಿರುತ್ತದೆ.

ಎರಡನೆಯದು ಅಳತೆ. ಮತ್ತಾಯನ ಸುವಾರ್ತೆಯ 7ನೇ ಅಧ್ಯಾಯದಲ್ಲಿ, ತನ್ನ ಕಣ್ಣಿನ ತೊಲೆ ಬಿಟ್ಟು ಇನ್ನೊಬ್ಬನ ಕಣ್ಣಿನ ರವೆ ನೋಡುವವನ ಮಾತು ಎಲ್ಲರ ಬಾಯಲ್ಲೂ ಇದೆ. ಅದಕ್ಕೆ ಮುಂಚಿನ ಮಾತನ್ನು ನಾವು ಬೇಗ ದಾಟಿಬಿಡುತ್ತೇವೆ: ನೀವು ಯಾವ ಅಳತೆಯಿಂದ ಅಳೆಯುತ್ತೀರೋ ಅದೇ ಅಳತೆಯಿಂದ ನಿಮಗೂ ಅಳೆಯುತ್ತಾರೆ. ತೂಕದ ಹತ್ತಿರ ನಿಂತವನಿಗೆ ಇದು ಚುಚ್ಚುತ್ತದೆ. ನಾನು ತಡವಾಗಿ ಬಂದರೆ ಮಳೆ. ಆಳು ತಡವಾಗಿ ಬಂದರೆ ಮೈಗಳ್ಳತನ. ಜುಲೈ ತಿಂಗಳ ಕೊಡಗಿನ ಮಳೆ ಇಬ್ಬರ ಮೇಲೂ ಒಂದೇ ತರ ಬಿದ್ದಿರುತ್ತದೆ! ಅದಕ್ಕೆ ನನ್ನ ಉಪಾಯ: ನಿಮ್ಮ ತಪ್ಪಿಗೆ ನೀವು ಕೊಟ್ಟುಕೊಂಡ ಕಾರಣವನ್ನು ಅದೇ ದಿನ ಇನ್ನೊಬ್ಬರಿಗೂ ಸಾಲ ಕೊಡಿ. ಕಾರಣ ಸಿಗದಿದ್ದರೆ ಕೇಳಿ. 16ನೇ ಶತಮಾನದಲ್ಲಿ ಯೇಸುಸಭೆ ಕಟ್ಟಿದ ಸಂತ ಇಗ್ನಾಸಿಯವರು ತಮ್ಮವರಿಗೆ ಹೇಳಿದ ಕ್ರಮವೂ ಇದೇ. ಮೊದಲು ಎದುರಿನವನ ಮಾತಿಗೆ ಒಳ್ಳೆಯ ಅರ್ಥ ಹುಡುಕು. ಸಿಗದಿದ್ದರೆ ‘ನೀನು ಯಾವ ಅರ್ಥದಲ್ಲಿ ಹೇಳಿದೆ’ ಅಂತ ಕೇಳು. ಅವನದು ತಪ್ಪೇ ಆಗಿದ್ದರೆ ಪ್ರೀತಿಯಿಂದ ತಿದ್ದು. ನಾವು ಮೊದಲೆರಡನ್ನು ಹಾರಿ ಮೂರನೆಯದಕ್ಕೆ ಹೋಗುತ್ತೇವೆ, ಪ್ರೀತಿಯನ್ನೂ ಬಿಟ್ಟು.

ಈಜಿಪ್ಟಿನ ಮರುಭೂಮಿಯಲ್ಲಿ 4ನೇ ಶತಮಾನದಲ್ಲಿ ಮೋಶೆ ಎಂಬ ಸನ್ಯಾಸಿ ಇದ್ದರು, ಮೊದಲು ಕಳ್ಳನಾಗಿದ್ದವರು. ಒಬ್ಬ ಸಹೋದರನ ತಪ್ಪು ವಿಚಾರಿಸಲು ಸಭೆ ಕರೆದಾಗ ಅವರು ಸೋರುವ ಮಡಕೆಯಲ್ಲಿ ನೀರು ಹೊತ್ತು ಬಂದರಂತೆ. ಇದೇನು ಅಂದರೆ, “ನನ್ನ ಪಾಪಗಳು ಹಿಂದೆ ಸೋರುತ್ತಿವೆ, ನನಗೆ ಕಾಣುತ್ತಿಲ್ಲ, ನಾನು ಇನ್ನೊಬ್ಬನನ್ನು ವಿಚಾರಿಸಲು ಬಂದಿದ್ದೇನೆ” ಅಂದರಂತೆ. ತೂತು ಬಿದ್ದ ಚೀಲ ಹೊತ್ತು ತೋಟದಿಂದ ಬರುವವರನ್ನು ನೋಡಿದವರಿಗೆ ಇದಕ್ಕೆ ವಿವರಣೆ ಬೇಡ. ದಾರಿಯುದ್ದಕ್ಕೂ ಕೆಂಪು ಹಣ್ಣು, ಹೊತ್ತವರಿಗೆ ಮಾತ್ರ ಗೊತ್ತಿರುವುದಿಲ್ಲ.

ಪೂಜೆ ಮುಗಿದ ಮೇಲೆ ಅಂಗಳದಲ್ಲಿ ನಿಂತು ಆಡುವ ಮಾತಿಗೆ ಒಂದೇ ನಿಯಮ: ಆ ಮನುಷ್ಯನ ಮುಂದೆ ಆಡಬಹುದೇ? ಇಲ್ಲವಾದರೆ ಬಸ್ಸಿಗೆ ಹೊತ್ತಾಯಿತು ಅನ್ನಿ. ಹೇಳಲೇಬೇಕಾದ್ದಿದ್ದರೆ ಮತ್ತಾಯ 18ರಲ್ಲಿ ಹೇಳಿದಂತೆ ಅವನೊಬ್ಬನಿದ್ದಾಗ ಹೋಗಿ ಹೇಳಿ.

ಇಲ್ಲಿ ಒಂದು ಎಚ್ಚರಿಕೆ ಕೊಡದಿದ್ದರೆ ನಾನು ಕೆಟ್ಟ ಪಾಠ ಹೇಳಿದಂತೆ. ‘ತೀರ್ಪು ಮಾಡಬೇಡಿ’ ಅನ್ನುವುದನ್ನು ಬಾಯಿ ಮುಚ್ಚಿಸಲು ಬಳಸುವವರಿದ್ದಾರೆ. ಯಾರೋ ಹೆಂಡತಿಗೆ ಹೊಡೆಯುತ್ತಿದ್ದರೆ, ಆಳಿನ ಕೂಲಿಯಲ್ಲಿ ಕದಿಯುತ್ತಿದ್ದರೆ, ಮಗುವಿಗೆ ತೊಂದರೆ ಆಗುತ್ತಿದ್ದರೆ ಅದು ಎಡಗಡೆಯ ಕಾಲಮ್ಮು. ಕಂಡದ್ದನ್ನು ಕಂಡ ಹಾಗೆ ಹೇಳಬೇಕು. ಮಗುವಿನ ವಿಷಯವಾದರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಬೇಕು. ಮರವನ್ನು ಅದರ ಹಣ್ಣಿನಿಂದ ತಿಳಿಯಿರಿ ಅಂತ ಅದೇ ಮತ್ತಾಯ 7ರಲ್ಲೇ ಇದೆ. ಆ ಮನುಷ್ಯನ ಆತ್ಮದ ಬೆಲೆ ಕಟ್ಟುವುದು ಮಾತ್ರ ನಮ್ಮ ಕೆಲಸವಲ್ಲ. ಧರ್ಮಸಭೆ ಇಷ್ಟು ಜನರನ್ನು ಸಂತರೆಂದು ಸಾರಿದೆ, ಆದರೆ ಇಂಥವನು ನರಕದಲ್ಲಿದ್ದಾನೆ ಅಂತ ಒಬ್ಬನ ಹೆಸರನ್ನೂ ಇವತ್ತಿನವರೆಗೆ ಸಾರಿಲ್ಲ. ಯೇಸುವನ್ನು ಹಿಡಿದುಕೊಟ್ಟ ಯೂದನದ್ದೂ ಇಲ್ಲ.

ಇನ್ನು ಕಷ್ಟದ ಭಾಗ. ಆ ಆಳು ಹೋದ ಮೇಲೆ ನಾನು ಏನು ಮಾಡಿದೆ ಗೊತ್ತೆ? ಅವನನ್ನು ಕೂರಿಸಿದ್ದ ಕಟಕಟೆಯಲ್ಲಿ ನನ್ನನ್ನೇ ಕೂರಿಸಿಕೊಂಡೆ. ಫಾದರ್ ಹತ್ತಿರ ಪಾಪನಿವೇದನೆ ಮಾಡಿದೆ, ಕ್ಷಮೆ ಸಿಕ್ಕಿತು. ಆದರೂ ಪೂಜೆಯಲ್ಲಿ ಪರಮಪ್ರಸಾದ ತೆಗೆದುಕೊಳ್ಳುವ ಸಾಲಿನಲ್ಲಿ ನಿಲ್ಲುತ್ತಿರಲಿಲ್ಲ, ಹತ್ತಿರ ಹತ್ತಿರ ಒಂದು ವರ್ಷ. ಇದನ್ನು ನಾನು ದೀನತೆ ಅಂದುಕೊಂಡಿದ್ದೆ. ಮನೆಯವಳು ಮಾತ್ರ “ಇದೂ ಒಂದು ಜಂಬ” ಅಂದಳು. ನನಗೆ ಸಿಟ್ಟು ಬಂತು. ಮತ್ತೆ ಅದೇ ಪಾಪ ಹೇಳಲು ಹೋದಾಗ ಫಾದರ್ ಕೇಳಿದರು (ಪಾಪನಿವೇದನೆಯಲ್ಲಿ ಕೇಳಿದ್ದನ್ನು ಅವರು ಹೇಳುವಂತಿಲ್ಲ, ನಾನು ಹೇಳಬಹುದು): “ಬಟವಾಡೆ ಆದ ವಾರದ ಕೂಲಿನ ಮತ್ತೆ ಕೇಳೋಕೆ ಯಾರಾದ್ರೂ ಬಂದ್ರೆ ಏನಂತೀರಿ ರೈಟ್ರೇ?”

ಪೌಲ ಕೊರಿಂಥದವರಿಗೆ ಬರೆದ ಮೊದಲ ಪತ್ರದ 4ನೇ ಅಧ್ಯಾಯ ತೆಗೆದು ನೋಡಿ. ನೀವು ನನ್ನನ್ನು ವಿಚಾರಣೆ ಮಾಡಿದರೂ ನನಗೆ ಅಲ್ಪವೇ, ನನ್ನನ್ನು ನಾನೇ ವಿಚಾರಿಸಿಕೊಳ್ಳುವುದೂ ಇಲ್ಲ ಅನ್ನುತ್ತಾನೆ. ಮನಸ್ಸಾಕ್ಷಿ ಚುಚ್ಚದಿದ್ದರೂ ಅದರಿಂದ ತಾನು ನೀತಿವಂತನಾಗಲಿಲ್ಲ ಅಂತಲೂ ಸೇರಿಸುತ್ತಾನೆ. ಆಮೇಲೆ, ಕರ್ತನು ಬರುವ ತನಕ, ಕಾಲಕ್ಕೆ ಮೊದಲು, ಯಾವುದಕ್ಕೂ ತೀರ್ಪು ಮಾಡಬೇಡಿ. ಇನ್ನೊಬ್ಬರಿಗೂ ತನಗೂ ಸೇರಿಸಿ ಹೇಳಿದ ಮಾತು.

ಕಾಲಕ್ಕೆ ಮೊದಲು ಅನ್ನುವುದು ನಮ್ಮ ಕಡೆಯವರಿಗೆ ಓಟಿಯಿಂದ ಅರ್ಥವಾಗಬೇಕು. ಚೆರಿಯ, ಅಂದರೆ ಸಿಪ್ಪೆ ಸಮೇತ ಒಣಗಿದ ಕಾಫಿ ಹಣ್ಣಿನ, 50 ಕೆ.ಜಿ. ಚೀಲದಲ್ಲಿ ಎಷ್ಟು ಕೆ.ಜಿ. ಬೀಜ ಬರುತ್ತದೋ ಅದು ಓಟಿ. ಹೊರಗಿನಿಂದ ಎರಡು ಚೀಲವೂ ಒಂದೇ ತರ ಇರುತ್ತವೆ. ಸಿಪ್ಪೆ ಬಿಡಿಸಿ ತೂಗಿದರೆ ಒಂದರಲ್ಲಿ 28, ಇನ್ನೊಂದರಲ್ಲಿ 24. ಓಟಿ ನೋಡದೆ ರೇಟು ಹೇಳುವ ವ್ಯಾಪಾರಿಯ ಹತ್ತಿರ ನಾವು ಚೀಲ ಇಳಿಸುವುದಿಲ್ಲ. ನನ್ನ ಬಗ್ಗೆ ನಾನು ವರ್ಷವಿಡೀ ಹೇಳಿಕೊಂಡದ್ದು ಅಂಥದ್ದೇ ರೇಟು.

ಈಗ ರಾತ್ರಿ ಐದು ನಿಮಿಷ ಕೂರುತ್ತೇನೆ, ಅದಕ್ಕಿಂತ ಹೆಚ್ಚಿಲ್ಲ. ಮೊದಲು ದಿನದಲ್ಲಿ ಸಿಕ್ಕ ಒಂದು ಒಳ್ಳೆಯದಕ್ಕೆ ಕೃತಜ್ಞತೆ. ತಪ್ಪಿನಿಂದ ಶುರು ಮಾಡಿದರೆ ಅಲ್ಲೇ ಹೂತುಹೋಗುತ್ತೇವೆ. ಆಮೇಲೆ ನಡೆದದ್ದು, ಅದೇ ಎಡಗಡೆಯ ಭಾಷೆಯಲ್ಲಿ: ‘ಮೊಮ್ಮಗನಿಗೆ ಗದರಿದೆ’. ‘ನಾನು ಕೆಟ್ಟ ಅಜ್ಜ’ ಅಂತ ಅಲ್ಲ. ಕ್ಷಮೆ ಕೇಳುವುದು. ನಾಳೆ ಮಾಡಬಹುದಾದ ಒಂದು ಕೆಲಸ ಇದ್ದರೆ ಅದು. ಎದ್ದುಬಿಡುವುದು. ಯೇಸುವಿನ ಶಿಷ್ಯ ಪೇತ್ರ ಮೂರು ಸಲ ‘ಅವನನ್ನು ಅರಿಯೆ’ ಅಂದದ್ದು ಕೆಂಡದ ಬೆಂಕಿಯ ಹತ್ತಿರ. ಪುನರುತ್ಥಾನದ ಮೇಲೆ ಕೆರೆಯ ದಡದಲ್ಲಿ ಯೇಸು ಮತ್ತೆ ಕೆಂಡ ಮಾಡಿ ಕೂತಿದ್ದಾಗ ‘ಯಾಕೆ ಹಾಗಂದೆ’ ಅಂತ ಕೇಳಲಿಲ್ಲ. ‘ನನ್ನನ್ನು ಪ್ರೀತಿಸುತ್ತೀಯಾ’ ಅಂತ ಕೇಳಿ ಕುರಿ ಮೇಯಿಸುವ ಕೆಲಸ ಹಚ್ಚಿದ. ಒಂದು ಮಾತು, ತಪ್ಪಿನ ಯೋಚನೆ ನಿದ್ದೆ ಊಟ ಎರಡನ್ನೂ ಕೆಡಿಸಿ ವಾರಗಟ್ಟಲೆ ಬಿಡದಿದ್ದರೆ ಇದು ಐದು ನಿಮಿಷದ ಕೆಲಸವಲ್ಲ; ಫಾದರ್ ಹತ್ತಿರವೂ ಹೋಗಿ, ಡಾಕ್ಟರ್ ಹತ್ತಿರವೂ ಹೋಗಿ.

ಆ ಎರಡು ಕಾಲಮ್ಮಿನ ಪುಟಗಳನ್ನು ಇಟ್ಟುಕೊಳ್ಳಬೇಡಿ. ಶನಿವಾರ ಸಂಜೆ ಸ್ನಾನದ ಹಂಡೆಯ ಒಲೆಗೆ ಹಾಕಿ. ಹಾಕುವ ಮೊದಲು ಓದಬೇಡಿ. ನಾನು ಒಮ್ಮೆ ಒಲೆಯ ಮುಂದೆ ಓದುತ್ತಾ ಕೂತೆ, ನಾದಿನಿಯ ಸಾಲಿಗೆ ಬಂದಾಗ ಮತ್ತೆ ಸಿಟ್ಟು ಏರಿತು, ಒಳಗಿನಿಂದ ಮನೆಯವಳು ನೀರು ಕಾಯಿತಾ ಅಂತ ಕೂಗಿದಳು, ನೋಡಿದರೆ ಬೆಂಕಿ ಆರಿತ್ತು.