ಆಂಜಿಯೋಗ್ರಾಂ: ಕೈಯಿಂದಲೋ, ತೊಡೆಯಿಂದಲೋ?

ಆಂಜಿಯೋಗ್ರಾಂಗೆ, ಅಂದರೆ ತೆಳು ಟ್ಯೂಬಿನಿಂದ ರಕ್ತನಾಳಕ್ಕೆ ಡೈ ಬಿಟ್ಟು ಎಕ್ಸ್-ರೇ ಚಿತ್ರ ತೆಗೆಯುವ ಪರೀಕ್ಷೆಗೆ, ದಿನ ಗೊತ್ತಾದ ಕೂಡಲೇ ಮನೆಯವರೆಲ್ಲ ಕೇಳುವ ಪ್ರಶ್ನೆ ಇದು. ಕೇಳಲೇಬೇಕಾದ ಪ್ರಶ್ನೆಯೂ ಹೌದು. ಟ್ಯೂಬ್ ಯಾವ ದಾರಿಯಲ್ಲಿ ಹೋಗುತ್ತದೆ ಎನ್ನುವುದರ ಮೇಲೆ ರಕ್ತಸ್ರಾವದ ಅಪಾಯವೂ ಎದ್ದು ಓಡಾಡುವ ಹೊತ್ತೂ ನಿಂತಿವೆ. ಆದರೆ ಹೃದಯಕ್ಕೆ ಒಗ್ಗಿದ ದಾರಿ ಮೆದುಳಿಗೂ ಒಗ್ಗಬೇಕೆಂದಿಲ್ಲ.

ಹೃದಯಕ್ಕಾದರೆ ಇಂದು ಮಣಿಕಟ್ಟೇ ಮೊದಲ ಆಯ್ಕೆ. ಮಾಂಟ್ರಿಯಲ್‌ನ ವೈದ್ಯ ಲೂಸಿಯನ್ ಕಾಂಪೋ 1989ರಲ್ಲಿ ಈ ದಾರಿಯ ಅನುಭವವನ್ನು ಪ್ರಕಟಿಸಿದರು. ಮಣಿಕಟ್ಟಿನ ರೇಡಿಯಲ್ ಅಪಧಮನಿ ಚರ್ಮದ ಕೆಳಗೇ, ಮೂಳೆಯ ಮೇಲೆ ಇರುವುದರಿಂದ ಒತ್ತಿ ಹಿಡಿದರೆ ರಕ್ತ ನಿಲ್ಲುತ್ತದೆ. ತೊಡೆಸಂದಿನ ಫೆಮೊರಲ್ ಅಪಧಮನಿ ಆಳದಲ್ಲಿದೆ. ಅಲ್ಲಿ ಸೋರಿದ ರಕ್ತ ಕಣ್ಣಿಗೆ ಕಾಣದೆ ಹೊಟ್ಟೆಯ ಹಿಂಭಾಗದಲ್ಲಿ ಸೇರಿಕೊಳ್ಳಬಹುದು. ಎಂಟು ಸಾವಿರಕ್ಕೂ ಹೆಚ್ಚು ರೋಗಿಗಳನ್ನು ಒಳಗೊಂಡ, 2015ರಲ್ಲಿ ಪ್ರಕಟವಾದ ‘ಮ್ಯಾಟ್ರಿಕ್ಸ್’ ಅಧ್ಯಯನದಲ್ಲಿ ಮಣಿಕಟ್ಟಿನ ಗುಂಪಿನವರಿಗೆ ರಕ್ತಸ್ರಾವವೂ ಸಾವೂ ಕಡಿಮೆ ಇದ್ದವು.

ಮೊದಲ ಹೆಜ್ಜೆ ನಿಮ್ಮದು: ಮುಚ್ಚಿಡದೆ ಹೇಳುವುದು. ಮೂತ್ರಪಿಂಡದ ತೊಂದರೆಯಿದ್ದು ಮುಂದೆ ಡಯಾಲಿಸಿಸ್ ಬೇಕಾಗಬಹುದಾದರೆ ಕೈಯ ರಕ್ತನಾಳವನ್ನು ಕಾಪಾಡಿಕೊಳ್ಳಬೇಕು. ಬೈಪಾಸ್ ಆಗಿದ್ದರೆ ಎದೆಯ ಎಡಭಾಗದಿಂದ ಜೋಡಿಸಿದ ನಾಳವನ್ನು ನೋಡಲು ಎಡಗೈ ಅನುಕೂಲ. ಆದರೆ ಆ ಕೈಯ ರೇಡಿಯಲ್ ನಾಳವನ್ನೇ ಬೈಪಾಸ್‌ಗೆ ತೆಗೆದಿದ್ದರೆ ಆ ದಾರಿ ಇಲ್ಲ. ರಕ್ತ ತೆಳುವಾಗಿಸುವ ಮಾತ್ರೆ, ಸಕ್ಕರೆ ಕಾಯಿಲೆಯ ಮಾತ್ರೆ, ಡೈ ಅಲರ್ಜಿ ಎಲ್ಲವನ್ನೂ ಬರೆದುಕೊಂಡೇ ಹೋಗಿ.

ಈ ಪರೀಕ್ಷೆ ಮಾಡುವ ಕೋಣೆಯಾದ ಕ್ಯಾಥ್ ಲ್ಯಾಬ್‌ನಲ್ಲಿ ನಡೆಯುವುದು ಸ್ವೀಡನ್‌ನ ಸೆಲ್ಡಿಂಗರ್ 1953ರಲ್ಲಿ ಪ್ರಕಟಿಸಿದ ವಿಧಾನವೇ. ಮರಗಟ್ಟಿಸುವ ಇಂಜೆಕ್ಷನ್, ಸೂಜಿ, ಅದರೊಳಗಿಂದ ತಂತಿ, ತಂತಿಯ ಮೇಲೆ ಟ್ಯೂಬ್. ಮಣಿಕಟ್ಟಿನ ನಾಳದ ಅಗಲ ಸುಮಾರು 2ರಿಂದ 3 ಮಿ.ಮೀ.; ಟ್ಯೂಬ್ ತೂರಿಸಲು ನಾಳದಲ್ಲಿ ಇಡುವ ಕೊಳವೆಯಾದ ಶೀತ್, ಸಾಮಾನ್ಯವಾಗಿ ಬಳಸುವ ‘6 ಫ್ರೆಂಚ್’ ಅಳತೆಯದಾದರೆ, ಅದರ ಹೊರ ಅಗಲ ಎರಡೂವರೆ ಮಿ.ಮೀ. ಆಸುಪಾಸು. ಇಷ್ಟು ಇಕ್ಕಟ್ಟಿನಲ್ಲಿ ನಾಳ ಬಿಗಿದುಕೊಳ್ಳಬಹುದು. ಅದಕ್ಕೇ ನಾಳ ಸಡಿಲಿಸುವ ಔಷಧಿಯನ್ನೂ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಅನ್ನೂ ಕೊಡುತ್ತಾರೆ. ತೋಳು ಹಿಂಡಿದಂತೆ ನೋವಾದರೆ ಸಹಿಸಿಕೊಂಡು ಸುಮ್ಮನಿರಬೇಡಿ, ತಕ್ಷಣ ಹೇಳಿ.

ಮೆದುಳಿನ ಲೆಕ್ಕ ಬೇರೆ. 1927ರಲ್ಲಿ ಲಿಸ್ಬನ್‌ನ ಎಗಾಸ್ ಮೊನಿಜ್ ಕುತ್ತಿಗೆಯ ಅಪಧಮನಿಗೇ ನೇರವಾಗಿ ಡೈ ಕೊಟ್ಟು ಮೆದುಳಿನ ನಾಳಗಳ ಚಿತ್ರ ತೆಗೆದರು. ಈಗ ತೊಡೆಯಿಂದ ಹೋದ ಟ್ಯೂಬ್ ಮಹಾಧಮನಿಯನ್ನು ಏರಿ, ಅದರ ಕಮಾನಿನಿಂದ ಕುತ್ತಿಗೆಗೆ ಹತ್ತುತ್ತದೆ. ಬಲಗೈಯಿಂದ ಹೋದದ್ದಾದರೋ ಕಮಾನಿಗೆ ಇಳಿದು ಮತ್ತೆ ಮೇಲಕ್ಕೆ ತಿರುಗಬೇಕು. ಅದಕ್ಕೆ ಕೊಕ್ಕೆಯಂತೆ ಬಾಗಿದ ಸಿಮನ್ಸ್ ಕ್ಯಾಥೆಟರ್ ಎಂಬ ಟ್ಯೂಬ್ ಬೇಕು. ಬಲಭಾಗದ ನಾಳಗಳಿಗೆ ಈ ದಾರಿ ಸಲೀಸು. ಮೆದುಳಿಗೆ ರಕ್ತ ಒಯ್ಯುವ ಎಡಭಾಗದ ಕ್ಯಾರೊಟಿಡ್ ಮತ್ತು ವರ್ಟಿಬ್ರಲ್ ನಾಳಗಳು ಹಲವರಲ್ಲಿ ಸತಾಯಿಸುತ್ತವೆ. ಕೆಲವರಲ್ಲಿ ಎಡ ಕ್ಯಾರೊಟಿಡ್ ಬಲಗೈಗೂ ಬಲ ಕುತ್ತಿಗೆಗೂ ಕವಲೊಡೆಯುವ ದೊಡ್ಡ ನಾಳದ ಜೊತೆಗೇ ಹುಟ್ಟುವುದರಿಂದ ಬಲಗೈ ದಾರಿಯೇ ಸುಲಭ. ಪಾರ್ಶ್ವವಾಯುವಿನಲ್ಲಿ ಹೆಪ್ಪು ತೆಗೆಯಲು ದಪ್ಪ ಟ್ಯೂಬ್ ಬೇಕು, ಕಾಲವೂ ಕಡಿಮೆ. ಆಗ ಹೆಚ್ಚಾಗಿ ತೊಡೆಯೇ. ಹಾಗಾಗಿ ಮೆದುಳಿನ ಆಂಜಿಯೋಗ್ರಾಂಗೆ ‘ಕೈಯಿಂದಲೇ ಮಾಡಿ’ ಎಂದು ಹಟ ಹಿಡಿಯಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ವೈದ್ಯರ ಕೈ ಯಾವ ದಾರಿಯಲ್ಲಿ ಪಳಗಿದೆ ಎಂದು ಕೇಳಿ.

ಮುಗಿದ ಮೇಲೆ ತೊಡೆಯಾದರೆ ಕೆಲವು ಗಂಟೆ ಕಾಲು ಮಡಚದೆ ಮಲಗಬೇಕು. ಕೆಮ್ಮುವಾಗ ಆ ಜಾಗ ಒತ್ತಿ ಹಿಡಿಯಿರಿ. ಬೆನ್ನು ನೋವು, ತಲೆಸುತ್ತು ಬಂದರೆ ಕಡೆಗಣಿಸಬೇಡಿ. ಮೆದುಳಿನ ಪರೀಕ್ಷೆಯ ನಂತರ ಮಾತು ತೊದಲಿದರೆ, ಕೈ ಸೋತರೆ ಒಂದು ನಿಮಿಷವೂ ಕಾಯದೆ ಕರೆಯಿರಿ. ಮಣಿಕಟ್ಟಾದರೆ ಗಾಳಿ ತುಂಬಿದ ಪಟ್ಟಿ ಕಟ್ಟಿ, ಗಾಳಿಯನ್ನು ಸ್ವಲ್ಪ ಸ್ವಲ್ಪವಾಗಿ ಬಿಡುತ್ತಾರೆ. ಬೆರಳು ನೀಲಿಯಾದರೆ ತಿಳಿಸಿ. ಡಿಸ್ಚಾರ್ಜ್‌ಗೆ ಮುಂಚೆ ಅಲ್ಲಿ ನಾಡಿ ನೋಡಿಸಿಕೊಳ್ಳಿ: ನಾಳ ಮುಚ್ಚಿಹೋದರೂ ಕೈಯ ಇನ್ನೊಂದು ಅಪಧಮನಿ ರಕ್ತ ಕೊಡುವುದರಿಂದ ಸಾಮಾನ್ಯವಾಗಿ ನೋವೇ ಇರುವುದಿಲ್ಲ, ಆದರೆ ಮುಂದಿನ ಸಲಕ್ಕೆ ಆ ದಾರಿ ಸಿಗದೆ ಹೋಗಬಹುದು.