ಮಳೆಗಾಲದ ರಾತ್ರಿ ಪಾಪು ಅಳುತ್ತಿದ್ದರೆ

ನನ್ನ ಮಗಳು ಹುಟ್ಟಿದ್ದು ಆಷಾಢದಲ್ಲಿ. ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಯಲ್ಲಿ ಹೊರಗೆ ಮಳೆಯ ಸದ್ದು, ಒಳಗೆ ಇವಳ ಅಳು.

ರಾತ್ರಿ ಅತ್ತಾಗ ಮೊದಲು ಬಟ್ಟೆ ನೋಡಿ. ಮಲೆನಾಡಿನ ಮಳೆಯಲ್ಲಿ ಲಂಗೋಟಿ ಒಣಗುವುದೇ ಇಲ್ಲ, ಅಲ್ವಾ? ನಾನು ಬಚ್ಚಲೊಲೆ ಪಕ್ಕ ಹಗ್ಗ ಕಟ್ಟಿ ಒಣಗಿಸುತ್ತಿದ್ದೆ. ತೊಡಿಸುವ ಮೊದಲು ಕೆನ್ನೆಗೆ ಒತ್ತಿಕೊಳ್ಳಿ. ತಣ್ಣಗೆ ಅನಿಸಿದರೆ ಇನ್ನೂ ಪಸೆ ಇದೆ ಅಂತಲೇ ಅರ್ಥ.

ಚಳಿ ಅಂತ ಸುಮ್ನೆ ಸ್ವೆಟರ್ ಮೇಲೆ ಸ್ವೆಟರ್ ಹಾಕಬೇಡಿ. ಕತ್ತಿನ ಹಿಂದೆ ಮುಟ್ಟಿ ನೋಡಿ, ಬೆವರಿದ್ದರೆ ಒಂದು ತೆಗೆಯಿರಿ. ಮಲಗಿದಾಗ ಟೋಪಿ ಬೇಡ, ದಿಂಬೂ ಬೇಡ. ಅಂಗಾತವೇ ಮಲಗಿಸಿ.

ಹಾಲು ಕುಡಿಸಿ, ಭುಜಕ್ಕೆ ಹಾಕಿಕೊಂಡು ತೇಗು ಬರಿಸಿ. ದೊಡ್ಡ ದೀಪ ಹಾಕಬೇಡಿ, ಆಡಿಸಬೇಡಿ. ಆಟವೆಲ್ಲ ಹಗಲಲ್ಲಿ, ಜಗಲಿಯ ಬೆಳಕಲ್ಲಿ. ಹಗಲು ರಾತ್ರಿ ಗೊತ್ತಾಗಲು ಮಗುವಿಗೆ ಕೆಲವು ತಿಂಗಳೇ ಬೇಕು.

ಅಜ್ಜಿಗೆ ಬೇಜಾರಾದರೂ ಸರಿ, ಬಜೆ ನೆಕ್ಕಿಸಬೇಡಿ. ಜೇನು ಒಂದು ವರ್ಷ ತುಂಬುವ ತನಕ ಬೇಡ.

3 ತಿಂಗಳೊಳಗಿನ ಕೂಸಿಗೆ ಜ್ವರ 100.4 ಡಿಗ್ರಿ ಮುಟ್ಟಿದರೆ, ಇಲ್ಲವೇ ಹಾಲು ಬಿಟ್ಟರೆ, ಬೆಳಗಾಗಲಿ ಅಂತ ಕಾಯಬೇಡಿ. ಮಳೆಯಿದ್ದರೂ ರಾತ್ರಿಯೇ ಆಸ್ಪತ್ರೆಗೆ ಹೊರಡಿ.